ಜಾಗ ಉಳಿಸೋಕೆ ಹೋಗಿ ಅಂಕಿ ಅಳಿಸಬೇಡಿ

ಬಿ.ಕಾಂ. ಓದಿದ ನನಗೆ ಮಾರ್ಜಿನ್ ಅಂದ್ರೆ ಮೊದಲು ನೆನಪಾಗೋದು ಲಾಭ. ಇವತ್ತಿನ ಮಾರ್ಜಿನ್ ಬೇರೆ: ಗ್ರಾಫ್ ಸುತ್ತ ಬಿಡೋ ಖಾಲಿ ಜಾಗ. ಪ್ರಾಜೆಕ್ಟ್ ರಿಪೋರ್ಟ್‌ಗೆ, ಪಿಎಚ್‌.ಡಿ.ಗೆ ಅಂತ ಪೈಥಾನ್‌ನಲ್ಲಿ ಪ್ಲಾಟ್ ಮಾಡೋರು ಕೇಳಿಸ್ಕೊಳ್ಳಿ.

ಒಂದೇ ಚಿತ್ರದಲ್ಲಿ ನಾಲ್ಕು ಪ್ಯಾನೆಲ್ ಇಟ್ರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಯಾಕೆ? ಮ್ಯಾಟ್‌ಪ್ಲಾಟ್‌ಲಿಬ್ ಮಾರ್ಜಿನ್ ಅನ್ನು ಚಿತ್ರದ ಪಾಲಾಗಿ ಲೆಕ್ಕ ಹಾಕುತ್ತೆ. ಎಡಕ್ಕೆ 0.125, ಅಂದ್ರೆ ಅಗಲದ ಎಂಟನೇ ಒಂದು ಭಾಗ. ಅಕ್ಷರದ ಗಾತ್ರ ಮಾತ್ರ ಪಾಯಿಂಟ್ ಲೆಕ್ಕ. ಚಿತ್ರ ಚಿಕ್ಕದಾದ್ರೆ ಜಾಗ ಕುಗ್ಗುತ್ತೆ, ಅಕ್ಷರ ಕುಗ್ಗಲ್ಲ. ಲೇಔಟ್‌ಗೆ 'ಕನ್‌ಸ್ಟ್ರೇನ್ಡ್' ಅಂತ ಕೊಡಿ, ಅಕ್ಷರ ಅಳೆದು ಜಾಗ ಅದೇ ಬಿಡುತ್ತೆ. ಆರ್ ಬಳಸೋರಿಗೆ 'ಮಾರ್' ಇದೆ. ಕ್ರಮ ಕೆಳಗೆ, ಎಡ, ಮೇಲೆ, ಬಲ.

ನಿಜವಾದ ಎಡವಟ್ಟು ಇದಾದ ಮೇಲೆ. ಜಾಗ ಉಳಿಸೋಕೆ ಒಳಗಿನ ಪ್ಯಾನೆಲ್‌ಗಳ ಅಂಕಿಗಳನ್ನೇ ಅಳಿಸಿಬಿಡ್ತಾರೆ. ಆಗುಂಬೆ ಮತ್ತು ಬೆಂಗಳೂರಿನ ತಿಂಗಳವಾರು ಮಳೆ ಅಕ್ಕಪಕ್ಕ ಇಟ್ಟಿದ್ದೀರಿ ಅನ್ಕೊಳ್ಳಿ. ಆಗುಂಬೆಯಲ್ಲಿ ಜುಲೈ ಒಂದರಲ್ಲೇ 2000 ಮಿ.ಮೀ. ದಾಟೋದು ಮಾಮೂಲು. ಬೆಂಗಳೂರಿಗೆ ಜಾಸ್ತಿ ಮಳೆ ಬರೋ ಸೆಪ್ಟೆಂಬರ್‌ನಲ್ಲೂ ಸರಾಸರಿ 200ರ ಆಸುಪಾಸು. ಆದ್ರೆ ಪ್ರತಿ ಪ್ಯಾನೆಲ್ ತನ್ನದೇ ಅಳತೆ ಹಿಡಿಯೋದ್ರಿಂದ ಎರಡೂ ಗೆರೆ ಮೇಲಂಚಿಗೆ ಮುಟ್ಟುತ್ತವೆ. ಬಲಗಡೆ ಅಂಕಿ ಇಲ್ಲ ಅಂದ್ಮೇಲೆ ನೋಡೋರು ಎಡಗಡೆಯದನ್ನೇ ಓದ್ಕೊಳ್ತಾರೆ. ಬೆಂಗಳೂರಲ್ಲೂ ಆಗುಂಬೆ ಮಳೆ! ರಸ್ತೆಗಳ ಗತಿ ಊಹಿಸ್ಕೊಳ್ಳಿ.

ಅಳಿಸೋ ಬದಲು 'ಶೇರ್‌ವೈ' ಹಾಕಿ. ವೈ-ಅಕ್ಷದ ಅಳತೆ ಒಂದೇ ಆಗುತ್ತೆ, ಒಳಗಿನ ಅಂಕಿ ತಾನಾಗೇ ಮರೆಯಾಗುತ್ತೆ. ಬೆಂಗಳೂರಿನ ಗೆರೆ ನೆಲಕ್ಕೆ ಅಂಟಿಕೊಳ್ಳುತ್ತಲ್ಲ ಅಂತೀರಾ? ಅಂಟಲಿ. ಮಳೆ ಎಷ್ಟು ಅನ್ನೋದು ಪ್ರಶ್ನೆಯಾದ್ರೆ ಉತ್ತರ ಅದೇ. ಯಾವ ತಿಂಗಳು ಜಾಸ್ತಿ ಅನ್ನೋದು ಪ್ರಶ್ನೆಯಾದ್ರೆ ಬೇರೆ ಬೇರೆ ಅಳತೆ ಇರಲಿ. ಆಗ ಎರಡಕ್ಕೂ ಅಂಕಿ ಬೇಕು, ಅಳತೆ ಬೇರೆ ಅಂತ ಚಿತ್ರದ ಕೆಳಗೆ ಒಂದು ಸಾಲೂ ಬೇಕು. ಅದಕ್ಕೆ ಸ್ವಲ್ಪ ಜಾಗ ಹೋದ್ರೆ ಹೋಗಲಿ ಬಿಡಿ.

ಜಾಗ ಉಳಿಸೋಕೆ ಬೇರೆ ದಾರಿ ಇದೆ. 'ಮಳೆ, ಮಿ.ಮೀ.' ಅಂತ ಪ್ರತಿ ಪ್ಯಾನೆಲ್‌ಗೂ ಬರೀಬೇಡಿ; 'ಸಪ್‌ವೈಲೇಬಲ್' ಬಳಸಿ ಇಡೀ ಚಿತ್ರಕ್ಕೆ ಒಂದ್ಸಲ ಬರೆದ್ರೆ ಸಾಕು. ಸೇವ್ ಮಾಡುವಾಗ 'ಟೈಟ್' ಅಂತ ಕೊಟ್ಟು ಅಂಚು ಕತ್ತರಿಸೋ ಅಭ್ಯಾಸ ನನಗಂತೂ ಹಿಡಿಸಲ್ಲ. ಚಿತ್ರದ ಗಾತ್ರವೇ ಬದಲಾಗುತ್ತೆ, ಜರ್ನಲ್ ಕಾಲಂಗೆ ಹೊಂದಿಸುವಾಗ ಅಕ್ಷರವೂ ಹಿಗ್ಗುತ್ತೆ, ಇಲ್ಲಾ ಕುಗ್ಗುತ್ತೆ. ಕಾಲಂ ಅಗಲ ಎಷ್ಟಿದೆಯೋ ಅಷ್ಟನ್ನೇ 'ಫಿಗ್‌ಸೈಜ್'ನಲ್ಲಿ ಮೊದಲೇ ಕೊಟ್ಟುಬಿಡಿ.

ನಿಮ್ಮ ಪ್ಲಾಟ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ವಾಯ್ಸ್ ನೋಟ್ ಕಳಿಸಿ.