ಊರು ಬಿಡುವಾಗ ನಾಯಿ, ಬೆಕ್ಕು



ಹಾವೇರಿಯಿಂದ ಬೆಂಗಳೂರಿಗೆ ವರ್ಗವಾದ ಸಂಸಾರವು ಪಾತ್ರೆಪಡಗಗಳನ್ನೆಲ್ಲ ಲೆಕ್ಕವಿಟ್ಟು ಕಟ್ಟುವುದು. ಅಂಗಳದ ನಾಯಿಯನ್ನೂ ಒಲೆಯ ಬಳಿಯ ಬೆಕ್ಕನ್ನೂ ಆ ಲೆಕ್ಕದಿಂದ ಬಿಡುವುದುಂಟು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಸನ್ನಿಧಿಗೆ ಬರುವ ಗೊರವರು ತಮ್ಮನ್ನು ಸ್ವಾಮಿಯ ನಾಯಿಗಳೆಂದೇ ಭಾವಿಸುವರು. ಅಂಥ ಸೀಮೆಯಲ್ಲಿ ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು ಸಲ್ಲದು.

ಹಾದಿ 300 ಕಿಲೋಮೀಟರಿಗೂ ಮಿಗಿಲು. ರೈಲಿನಲ್ಲಿ ಮೊದಲ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಿದವರು ನಾಯಿಯನ್ನು ಜೊತೆಯಲ್ಲಿಯೇ ಒಯ್ಯಬಹುದು. ಇತರರು ಶುಲ್ಕ ಕೊಟ್ಟು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ನೀರು, ಆಹಾರಗಳ ಹೊಣೆ ಒಡೆಯನದೇ. ಬ್ಯಾಡಗಿಯಂಥ ನಿಲ್ದಾಣದಲ್ಲಿ ಗಾಡಿ ಬಹಳ ಹೊತ್ತು ನಿಲ್ಲದು. ಆದಕಾರಣ ಬುಕಿಂಗನ್ನು ಮುಂಚೆಯೇ ಮುಗಿಸುವುದು ಲೇಸು. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮೊದಲೇ ಹಾಕಿಸಬೇಕು.

ಬೆಕ್ಕಿನ ಮಾತು ಬೇರೆ. ನಾಯಿ ಜನವನ್ನು ನೆಚ್ಚುವುದು, ಬೆಕ್ಕು ಮನೆಯನ್ನು. ಅದನ್ನು ಗಾಳಿಯಾಡುವ ಬುಟ್ಟಿಯಲ್ಲಿ, ಪರಿಚಿತವಾದ ಹಳೆಯ ಬಟ್ಟೆಯ ಮೇಲೆ ಒಯ್ದು, ಹೊಸ ಮನೆಯಲ್ಲಿ ಕೆಲವು ವಾರ ಹೊರಗೆ ಬಿಡದಿರಬೇಕು; ಬಿಟ್ಟರೆ ಹಳೆಯ ಮನೆಯನ್ನು ಹುಡುಕಿ ಹೊರಟು ದಾರಿ ತಪ್ಪುವುದು.

ಒಯ್ಯಲಾಗದವರು ಬಲ್ಲವರ ಮನೆಗೆ ಒಪ್ಪಿಸಿ ಹೊರಡಲಿ. ಬೀಗ ಹಾಕಿದ ಬಾಗಿಲ ಮುಂದೆ ಕಾಯುವ ಪ್ರಾಣಿಗೆ ವರ್ಗದ ಹುಕುಂ ಓದಲು ಬಾರದು.