ಅಳತೆ ತೆಗೆಯದೆ ಕೊಟ್ಟ ಕುರ್ಚಿ

(ಜುಮಾ ಖುತ್ಬಾದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಸಂದೇಶವಾಹಕರಾದ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಅನುಗ್ರಹವಿರಲಿ. ಮೊದಲು ನನಗೂ ಬಳಿಕ ನಿಮಗೂ ತಖ್ವಾದ ಉಪದೇಶ ಮಾಡುತ್ತೇನೆ.



ಎರಡು ವಾರಗಳ ಹಿಂದೆ ನಮ್ಮ ಜಮಾಅತಿನ ಒಬ್ಬ ಯುವಕ ಇಶಾ ನಮಾಝಿನ ಬಳಿಕ ನನ್ನ ಬಳಿ ಬಂದು ಕುಳಿತ. ಗಲ್ಫಿನಲ್ಲಿ ವೆಲ್ಡಿಂಗ್ ಕೆಲಸ ಅವನದು, ರಜೆಯಲ್ಲಿ ಊರಿಗೆ ಬಂದಿದ್ದಾನೆ. “ಉಸ್ತಾದ್, ಒಂದು ವಿಷಯ ಕೇಳಬೇಕಿತ್ತು” ಎಂದ. ಅವನ ಜೊತೆ ಕೆಲಸ ಮಾಡುವ ಕೆಲವರು ಆಫ್ರಿಕಾದ ಒಂದು ದೇಶಕ್ಕೆ ಹತ್ತು ದಿನಗಳ ಸೇವಾ ಶಿಬಿರಕ್ಕೆ ಹೋಗುತ್ತಿದ್ದಾರಂತೆ. ನಡೆಯಲಾಗದವರಿಗೆ ವೀಲ್‌ಚೇರ್, ಊರುಗೋಲು, ವಾಕರ್ ಮಾಡಿಕೊಡುವ ಕೆಲಸ. ಸಂಬಳವಿಲ್ಲ, ಟಿಕೆಟಿನ ಖರ್ಚೂ ಅವರವರದೇ. “ಆ ದುಡ್ಡನ್ನು ಇಲ್ಲೇ ಸದಕಾ ಕೊಡುವುದು ಒಳ್ಳೆಯದಾ, ಹೋಗುವುದು ಒಳ್ಳೆಯದಾ?” ಎಂದು ಕೇಳಿದ.

ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಹುದಿತ್ತು. ನನಗೆ ಆಗಲಿಲ್ಲ. ಒಂದು ಕುರ್ಚಿ ಕಣ್ಣ ಮುಂದೆ ಬಂತು.

ನಮ್ಮ ಜಮಾಅತಿನ ಒಬ್ಬರು ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಬಲ ಕಳೆದುಕೊಂಡಿದ್ದಾರೆ. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಕಳೆದ ರಮಝಾನಿನಲ್ಲಿ ನಾವು ಕೆಲವರು ಹಣ ಒಟ್ಟು ಮಾಡಿ ಅವರಿಗೊಂದು ವೀಲ್‌ಚೇರ್ ತಂದುಕೊಟ್ಟೆವು. ಫೋಟೋ ತೆಗೆದೆವು. ಆ ಫೋಟೋದಲ್ಲಿ ನಾನೂ ನಿಂತಿದ್ದೇನೆ. ಐದಾರು ತಿಂಗಳ ಬಳಿಕ ಅವರ ಮನೆಯ ದಾರಿಯಾಗಿ ಹೋಗುವಾಗ ನೋಡಿದರೆ ಆ ಕುರ್ಚಿ ಜಗಲಿಯಲ್ಲಿದೆ, ಅದರ ಮೇಲೆ ಅಡಿಕೆಯ ಗೋಣಿಚೀಲ! ಇಷ್ಟು ಬೆಲೆಯ ವಸ್ತುವನ್ನು ಹೀಗೆ ಇಟ್ಟುಕೊಂಡಿದ್ದಾರಲ್ಲ, ಕೃತಜ್ಞತೆ ಇಲ್ಲದ ಜನ ಎಂದು ನನ್ನ ಮನಸ್ಸು ಹೇಳಿತು. ಬಾಯಲ್ಲಿ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಹೇಳಿದ್ದಕ್ಕೂ ಲೆಕ್ಕವಿದೆ.

ಯುವಕನ ಪ್ರಶ್ನೆ ಬಂದ ಮರುದಿನ ಅವರ ಮನೆಗೆ ಹೋದೆ. ಕುರ್ಚಿ ಯಾಕೆ ಬಳಸುವುದಿಲ್ಲ ಎಂದು ಕೇಳಿದೆ. ಅಂದು ಮೊದಲ ಬಾರಿಗೆ ಕೇಳಿದ್ದು. ಅವರು ನಗುತ್ತಲೇ ಹೇಳಿದರು: “ಉಸ್ತಾದ್, ಅದು ಕೋಣೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಅಂಗಳದಲ್ಲಿ ಮುಂದಿನ ಸಣ್ಣ ಚಕ್ರ ಮಣ್ಣಿಗೆ ಹೂತುಕೊಳ್ಳುತ್ತದೆ. ಎರಡು ದಿನ ಹಟ ಹಿಡಿದು ಕುಳಿತೆ, ಹಿಂಭಾಗದಲ್ಲಿ ಹುಣ್ಣಾಯಿತು. ಅದು ವಾಸಿಯಾಗಲು ಮೂರು ತಿಂಗಳು ಬೇಕಾಯಿತು.”

ಬೆನ್ನುಹುರಿಗೆ ಏಟಾದವರಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ನಾವು ಕುಳಿತಲ್ಲೇ ಗೊತ್ತಿಲ್ಲದೆ ಅತ್ತಿತ್ತ ಸರಿಯುತ್ತೇವೆ, ಅವರಿಗೆ ಸರಿಯಬೇಕೆಂದು ದೇಹ ಹೇಳುವುದಿಲ್ಲ. ಮೂಳೆ ಒತ್ತಿದ ಜಾಗದಲ್ಲಿ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಆ ಹುಣ್ಣಿನಿಂದ ಪ್ರಾಣವೂ ಹೋಗಬಹುದು. ಕುಶನ್ ಇಲ್ಲದ, ಆಸ್ಪತ್ರೆಯ ವರಾಂಡದಲ್ಲಿ ರೋಗಿಯನ್ನು ತಳ್ಳಿಕೊಂಡು ಹೋಗಲು ಮಾಡಿದ ಕುರ್ಚಿಯನ್ನು ನಾವು ದಿನವಿಡೀ ಕುಳಿತುಕೊಳ್ಳಬೇಕಾದ ಮನುಷ್ಯನಿಗೆ ಕೊಟ್ಟಿದ್ದೆವು. ಸದಕಾ ಕೊಟ್ಟೆವೆಂದು ಸಂತೋಷದಿಂದ ಮನೆಗೆ ಹೋಗಿದ್ದೆವು.

ಸಹೋದರರೇ, ಪವಿತ್ರ ಕುರ್‌ಆನಿನ ‘ಅಬಸ’ ಅಧ್ಯಾಯ ಯಾವ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಪ್ರವಾದಿವರ್ಯರು(ಸ) ಮಕ್ಕಾದ ಪ್ರಮುಖರೊಂದಿಗೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಏನೋ ಕೇಳಲು ಬಂದರು. ಪ್ರವಾದಿವರ್ಯರ(ಸ) ಮುಖ ಒಂದಿಷ್ಟು ಗಂಟಿಕ್ಕಿತು. ಆ ಮುಖವನ್ನು ಕೇಳಲು ಬಂದವರು ನೋಡಿಯೂ ಇರಲಿಲ್ಲ. ಅಲ್ಲಾಹನು ನೋಡಿದ, ತಿದ್ದಿದ. ಮುಂದೆ ಅದೇ ಇಬ್ನು ಉಮ್ಮಿ ಮಕ್ತೂಮ್(ರ) ಬಿಲಾಲ್(ರ)ರೊಂದಿಗೆ ಮದೀನಾದ ಮುಅಝ್ಝಿನರಾದರು. ಪ್ರವಾದಿವರ್ಯರು(ಸ) ಪ್ರಯಾಣ ಹೊರಟಾಗ ಮದೀನಾದ ಹೊಣೆಯನ್ನು ಅವರಿಗೆ ವಹಿಸಿದ್ದೂ ಇದೆ. ಅವರನ್ನು ದಾನ ಪಡೆಯುವವರ ಸಾಲಿನಲ್ಲಿ ಕೂರಿಸಲಿಲ್ಲ, ಕೆಲಸ ಕೊಟ್ಟರು.

ಇನ್ನೊಂದು ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಇದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅರ್‌ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಮೂಗು ಇಸ್ಲಾಮಿಗೆ ಮುಂಚಿನ ಒಂದು ಯುದ್ಧದಲ್ಲಿ ತುಂಡಾಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡಿದ್ದರು. ಅದು ವಾಸನೆ ಬರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧವೆಂದು ಕಲಿಸಿದವರೇ ಅವರು! ಇದ್ದುದರಲ್ಲೇ ಸಹನೆಯಿಂದಿರು ಎನ್ನಲಿಲ್ಲ. ಹಾಕಿಕೊಂಡವನಿಗೆ ಆಗುವ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು, ಅದಕ್ಕಾಗಿ ಚಿನ್ನದ ಬಾಗಿಲನ್ನೂ ತೆರೆದರು. ಕೃತಕ ಅವಯವದ ಕುರಿತು ನಮ್ಮ ಫುಕಹಾಗಳು ಮಾತಾಡಿದ್ದೆಲ್ಲ ಈ ಹದೀಸಿನ ಬೆಳಕಿನಲ್ಲೇ.

ಈಗ ಪರದೇಶಕ್ಕೆ ಹೋಗಿ ಈ ಕೆಲಸ ಮಾಡಿದವರ ಕಡೆ ಬರುತ್ತೇನೆ. ಇವರು ನಮ್ಮ ಧರ್ಮದವರಲ್ಲ. ಒಳ್ಳೆಯದನ್ನು ಕಲಿಯಲು ಅದು ಅಡ್ಡಿಯೂ ಅಲ್ಲ.

ಡೇವಿಡ್ ವರ್ನರ್ ಅಮೆರಿಕದವರು. ಮೆಕ್ಸಿಕೋದ ಬೆಟ್ಟಗಾಡಿನ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡಿದವರು, ‘ವೇರ್ ದೇರ್ ಈಸ್ ನೋ ಡಾಕ್ಟರ್’ ಎಂಬ ಪುಸ್ತಕ ಬರೆದವರು. ಅವರಿಗೂ ಹುಟ್ಟಿನಿಂದ ಬಂದ, ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಕಾಯಿಲೆಯಿತ್ತು. ಚಿಕ್ಕಂದಿನಲ್ಲಿ ತಜ್ಞರು ಕಾಲಿಗೆ ಕೊಟ್ಟ ಸಲಕರಣೆಗಳಿಂದ ಅವರ ನಡಿಗೆ ಇನ್ನಷ್ಟು ಕಷ್ಟವಾಯಿತಂತೆ. ಹುಡುಗ ಬೇಡವೆಂದರೂ ಯಾರೂ ಕೇಳಲಿಲ್ಲ. 1981ರಲ್ಲಿ ಮೆಕ್ಸಿಕೋದ ಅಹೋಯಾ ಎಂಬ ಹಳ್ಳಿಯಲ್ಲಿ ಪ್ರೋಹಿಮೋ ಎಂಬ ಕೇಂದ್ರ ಆರಂಭವಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ನೆರೆಯವನು ಎಂಬ ಅರ್ಥವಿದೆ. ಅದನ್ನು ನಡೆಸುತ್ತಿದ್ದವರು ಅದೇ ಹಳ್ಳಿಗಳ ಅಂಗವಿಕಲರು. ಪೋಲಿಯೋ ಬಂದವರು, ಗುಂಡೇಟಿನಿಂದ ಬೆನ್ನುಹುರಿ ಕತ್ತರಿಸಿಹೋದ ಯುವಕರು. ಹೆಚ್ಚಿನವರದು ಪ್ರಾಥಮಿಕ ಶಾಲೆಯ ಓದು ಅಷ್ಟೇ. ಅವರೇ ವೆಲ್ಡಿಂಗ್ ಕಲಿತು ಕುರ್ಚಿ ಮಾಡಿದರು, ಕಾಲಿನ ಪಟ್ಟಿ ಮಾಡಿದರು. ವರ್ನರರ ಕಾಲಿಗೆ ಹೊಂದುವ ಸಲಕರಣೆ ಕೊನೆಗೂ ಸಿಕ್ಕಿದ್ದು ಈ ಹಳ್ಳಿಯ ಕುಶಲಕರ್ಮಿಯ ಕೈಯಿಂದ. ಯಾಕೆಂದರೆ ಅವನು ಕೇಳಿದ, ಹಾಕಿಸಿ ನೋಡಿದ, ಮತ್ತೆ ತಿದ್ದಿದ.

ನಮ್ಮ ಯುವಕನಿಗೆ ಸಂಬಂಧಿಸಿದ ಮಾತು ಇಲ್ಲಿದೆ. ಆ ಕೇಂದ್ರಕ್ಕೆ ಹೊರದೇಶಗಳ ತಜ್ಞರು, ಸ್ವಯಂಸೇವಕರು ಬರುತ್ತಿದ್ದರು. ಬಂದವರಿಗೆ ಒಂದು ಕಟ್ಟುಪಾಡಿತ್ತು. ನೀವು ಮಾಡಿಕೊಟ್ಟು ಹೋಗಲು ಬರಬೇಡಿ, ಕಲಿಸಿ ಹೋಗಲು ಬನ್ನಿ. ಅತಿಥಿಯ ಕೈ ಹಿಂದೆ, ಊರವರ ಕೈ ಮುಂದೆ. ಇದು ಕಷ್ಟ. ಕೆಲಸ ಬಲ್ಲವನಿಗೆ ಇನ್ನೊಬ್ಬ ತಡವರಿಸುವುದನ್ನು ನೋಡುತ್ತಾ ನಿಲ್ಲುವುದು ಎಷ್ಟು ಕಷ್ಟವೆಂದು ಮಕ್ಕಳಿಗೆ ಕುರ್‌ಆನ್ ಓದಿಸುವ ನಾನು ಬಲ್ಲೆ.

ರಾಲ್ಫ್ ಹಾಚ್‌ಕಿಸ್ ಎಂಬ ಇನ್ನೊಬ್ಬ ಅಮೆರಿಕನ್ ಇಂಜಿನಿಯರ್ 1966ರಲ್ಲಿ ಬೈಕ್ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡವರು. 1980ರಲ್ಲಿ ನಿಕರಾಗುವಾ ದೇಶಕ್ಕೆ ಹೋದರು. ಕಲಿಸಲು ಹೋದವರು ಅಲ್ಲಿನ ವೀಲ್‌ಚೇರ್ ಬಳಸುವ ಬಡ ಯುವಕರಿಂದ ತಾವೇ ಕಲಿತರು. ಅಲ್ಲಿಂದ ಬೆಳೆದದ್ದು ವರ್ಲ್‌ವಿಂಡ್ ಕುರ್ಚಿ. ಊರಲ್ಲೇ ಸಿಗುವ ಕಬ್ಬಿಣದ ಪೈಪು, ಸೈಕಲಿನ ಟೈರು. ಮುಂದಿನ ಚಕ್ರ ಮಣ್ಣಿನಲ್ಲಿ ಹೂತುಕೊಳ್ಳದಂತೆ ಅಗಲವಾದ ರಬ್ಬರಿನದು. ಆ ಚಕ್ರದ ವಿನ್ಯಾಸ ಬಂದದ್ದು ಜಿಂಬಾಬ್ವೆಯಿಂದ. ಅವರು ಆ ವಿನ್ಯಾಸವನ್ನು ಪೇಟೆಂಟ್ ಮಾಡಿ ಮುಚ್ಚಿಡಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು. ಸದಕಾ ಜಾರಿಯಾ ಎನ್ನಲು ನನಗೆ ಅಧಿಕಾರವಿಲ್ಲ, ಆದರೆ ಅದರ ಹೋಲಿಕೆ ಇದರಲ್ಲಿದೆ. ನಮ್ಮ ಅಂಗಳದಲ್ಲಿ ಹೂತುಕೊಂಡ ಆ ಸಣ್ಣ ಚಕ್ರ ನೆನಪಾಯಿತಲ್ಲವೇ?

ನಮ್ಮ ದೇಶದ ಜೈಪುರ ಕಾಲಿನ ಬಗ್ಗೆ ಎಲ್ಲರೂ ಕೇಳಿದ್ದೀರಿ. ವಿದೇಶದಿಂದ ಬರುತ್ತಿದ್ದ ಕೃತಕ ಪಾದಕ್ಕೆ ಬೂಟು ಬೇಕಿತ್ತು, ಅದು ಬಗ್ಗುತ್ತಿರಲಿಲ್ಲ. ಅದನ್ನು ಹಾಕಿಕೊಂಡು ಗದ್ದೆಗಿಳಿಯಲು, ನೆಲದಲ್ಲಿ ಕುಳಿತು ಉಣ್ಣಲು, ನಮಾಝಿನಲ್ಲಿ ಕೂರಲು ಹೇಗೆ ಸಾಧ್ಯ? 1960ರ ದಶಕದ ಕೊನೆಯಲ್ಲಿ ಡಾ. ಪಿ.ಕೆ. ಸೇಥಿಯವರೂ, ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ಬರಿಗಾಲಲ್ಲಿ ನಡೆಯಬಲ್ಲ, ಕುಕ್ಕರಗಾಲಲ್ಲಿ ಕೂರಬಲ್ಲ ರಬ್ಬರಿನ ಪಾದ ಮಾಡಿದರು. ಲಾರಿ ಟೈರು ರೀಟ್ರೆಡ್ ಮಾಡುವವರ ಕೈಚಳಕವೂ ಅದಕ್ಕೆ ನೆರವಾಯಿತು. ಅದೇ ಕಾಲು ಮುಂದೆ ಶಿಬಿರಗಳ ಮೂಲಕ ಅಫ್ಘಾನಿಸ್ತಾನದಂಥ ಎಷ್ಟೋ ದೇಶಗಳಿಗೆ ಹೋಯಿತು.

ಅಫ್ಘಾನಿಸ್ತಾನದ ನೆಲಬಾಂಬುಗಳು ಎಷ್ಟು ಮಕ್ಕಳ ಕಾಲು ತೆಗೆದವೆಂದು ಅಲ್ಲಾಹನೇ ಬಲ್ಲ. ಕಾಬೂಲಿನ ರೆಡ್‌ಕ್ರಾಸ್ ಕೃತಕ ಅವಯವ ಕೇಂದ್ರಕ್ಕೆ 1990ರಲ್ಲಿ ಆಲ್ಬೆರ್ಟೋ ಕೈರೋ ಎಂಬ ಇಟಲಿಯ ಫಿಸಿಯೋಥೆರಪಿಸ್ಟ್ ಬಂದರು, ಅದಕ್ಕೆ ಮುಂಚೆ ವಕೀಲರಾಗಿದ್ದವರು. ಸರಕಾರಗಳು ಬಂದವು, ಹೋದವು. ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲೇ ದುಡಿದರು. ಆ ಕೇಂದ್ರದಲ್ಲಿ ಅಚ್ಚು ತೆಗೆಯುವವರು, ಕಾಲು ಜೋಡಿಸುವವರು, ನಡೆಯಲು ಕಲಿಸುವವರು ಬಹುತೇಕ ಎಲ್ಲರೂ ಅಂಗವಿಕಲರೇ, ಒಂದು ಕಾಲದಲ್ಲಿ ಅಲ್ಲಿಗೇ ರೋಗಿಗಳಾಗಿ ಬಂದವರು. ಕಾಲು ಕಳೆದುಕೊಂಡು ಬಂದ ಹುಡುಗನ ಮುಂದೆ ಕೃತಕ ಕಾಲಿನಲ್ಲಿ ನಿಂತವನೇ ಅಳತೆ ತೆಗೆಯುತ್ತಾನೆ. ಅದಕ್ಕಿಂತ ದೊಡ್ಡ ಸಾಂತ್ವನದ ಮಾತು ಯಾರ ಬಾಯಲ್ಲಿದೆ?

ಕೃತಕ ಕಾಲು ಅಂಗಡಿಯ ಚಪ್ಪಲಿಯಲ್ಲ. ಉಳಿದ ಕಾಲಿನ ತುದಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅದರ ಮೇಲೆ ಬಿಸಿಯಾಗಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡುತ್ತಾರೆ. ಒಬ್ಬನದು ಇನ್ನೊಬ್ಬನಿಗೆ ಆಗುವುದಿಲ್ಲ. ಮಕ್ಕಳಿಗಾದರೆ ಬೆಳೆದಂತೆಲ್ಲ ಹೊಸದು ಬೇಕು. ಹತ್ತು ದಿನದ ಶಿಬಿರ ಮುಗಿಸಿ ವಿಮಾನ ಹತ್ತಿದವನು ಹನ್ನೊಂದನೇ ದಿನ ಮುರಿದ ತಿರುಪನ್ನು ಸರಿ ಮಾಡಲಾರ. (ಕೆಲವರು ಕೇಳಿದ್ದಾರೆ: ಹರಡಿನಿಂದ ಮೇಲೆ ಕಾಲು ಕತ್ತರಿಸಿದವರು ವುಝೂ ಮಾಡುವಾಗ ಕೃತಕ ಪಾದವನ್ನು ತೊಳೆಯಬೇಕಾಗಿಲ್ಲ. ಆ ಕಾಲಿನ ಕಡ್ಡಾಯ ಅವರ ಮೇಲಿಲ್ಲ. ದೀನ್ ಅವರಿಗೆ ಸುಲಭವಾಗಿದೆ, ನಾವು ಕಷ್ಟ ಮಾಡಬಾರದು.)

ಹಾಗಾದರೆ ಯುವಕನಿಗೆ ಏನು ಹೇಳಿದೆ? ಹೋಗು ಎಂದೆ. ಅಬೂದರ್(ರ) ಶ್ರೇಷ್ಠ ಕರ್ಮಗಳ ಬಗ್ಗೆ ಕೇಳುತ್ತಾ ಹೋದಾಗ ಪ್ರವಾದಿವರ್ಯರು(ಸ) ಹೇಳಿದವುಗಳಲ್ಲಿ, ಕೆಲಸ ಮಾಡುವವನಿಗೆ ನೆರವಾಗುವುದು, ಕೆಲಸ ಬಾರದವನಿಗೆ ಮಾಡಿಕೊಡುವುದು ಎಂಬುದೂ ಇದೆ ಎಂದು ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ವೆಲ್ಡಿಂಗ್ ಗೊತ್ತಿರುವ ಕೈ ಅಲ್ಲಾಹನ ಅಮಾನತು. ನನ್ನ ಹಾಗೆ ಏನೂ ಬಾರದವನಾಗಿದ್ದರೆ ಟಿಕೆಟಿನ ದುಡ್ಡನ್ನೇ ಅಲ್ಲಿಗೆ ಕಳಿಸು ಎನ್ನುತ್ತಿದ್ದೆ. ಆದರೆ ಹೊರಡುವ ಮುಂಚೆ ವಿಚಾರಿಸು ಎಂದೆ. ಅಲ್ಲಿನ ಅಂಗವಿಕಲರದೇ ಒಂದು ಕಾರ್ಯಾಗಾರ ಇದೆಯಾ? ನೀವು ಬಂದ ಮೇಲೆ ರಿಪೇರಿ ಯಾರು ಮಾಡುತ್ತಾರೆ? ನಿನ್ನ ಜೊತೆ ನಿಂತು ಕಲಿಯುವ ಅಲ್ಲಿನ ಹುಡುಗರು ಇರುತ್ತಾರಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಅದು ಪ್ರವಾಸ, ನೀಯತ್ತು ಎಷ್ಟೇ ಒಳ್ಳೆಯದಿರಲಿ. ಮತ್ತೆ ಫೋಟೋ. ಅದರ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲವಾದ್ದರಿಂದ ಸುಮ್ಮನಾದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ, “ಉಸ್ತಾದ್, ಮೊದಲು ಇಲ್ಲಿನ ಕುರ್ಚಿ ನೋಡಿ ಬರೋಣವಾ?” ಎಂದ. ಹೋದೆವು. ಅವನು ಟೇಪು ತೆಗೆದು ಬಾಗಿಲು ಅಳೆದ. ಬಳಿಕ ಅವರನ್ನು ಕೇಳಿ ಅವರ ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ ಅಳೆದ. ಕುರ್ಚಿ ಅವರ ಸೊಂಟಕ್ಕಿಂತ ಒಂದು ಗೇಣು ಅಗಲವಿತ್ತು. ಫ್ರೇಮ್ ಕತ್ತರಿಸಿ ಕಿರಿದು ಮಾಡಬಹುದು, ಮುಂದಿನ ಚಕ್ರ ಬದಲಿಸಬಹುದು ಎಂದ. ಕುಶನ್ ಮಾತ್ರ ಅಂದಾಜಿಗೆ ಮಾಡುವಂಥದ್ದಲ್ಲ. ಅದಕ್ಕಾಗಿ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ವಿಚಾರಿಸಲು ತೀರ್ಮಾನಿಸಿದ್ದೇವೆ. ಹೊರದೇಶದವರೂ ಬಂದು ಈ ವಿದ್ಯೆ ಕಲಿಯುವ ಜಾಗ ಅದು. ನಾವು ಇಷ್ಟು ಹತ್ತಿರ ಇದ್ದು ವಿಚಾರಿಸಿರಲಿಲ್ಲ.

ಹೊರಡುವಾಗ ನಾನು ಅವರನ್ನು ಇನ್ನೇನು ಬೇಕು ಎಂದು ಕೇಳಿದೆ. ಹಣ ಅಥವಾ ಔಷಧಿ ಕೇಳಬಹುದು ಎಂದುಕೊಂಡಿದ್ದೆ. “ಜುಮಾಕ್ಕೆ ಬರಬೇಕು ಉಸ್ತಾದ್” ಎಂದರು. ಮರದಿಂದ ಬಿದ್ದ ಬಳಿಕ ಅವರು ಈ ಮಸೀದಿಯೊಳಗೆ ಬಂದಿಲ್ಲ. ಅವರ ಮನೆಗೆ ನಮ್ಮ ಬಾಂಗು ಚೆನ್ನಾಗಿ ಕೇಳಿಸುತ್ತದೆ. ನಮ್ಮ ಮಸೀದಿಗೆ ಐದು ಮೆಟ್ಟಿಲುಗಳಿವೆ. ಕುರ್ಚಿಯ ಚಕ್ರ ಒಳಗೆ ತಂದರೆ ಕಾರ್ಪೆಟ್ ಹಾಳಾಗುತ್ತದೆಂದು ಈ ಹಿಂದೆ ಯಾರೋ ಹೇಳಿದ್ದು ಅವರ ಕಿವಿಗೂ ಬಿದ್ದಿದೆ. ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಚಕ್ರ ಒರೆಸಿದರೆ ಮುಗಿಯುವ ವಿಷಯವದು.

ಆದ್ದರಿಂದ ಈ ಭಾನುವಾರ ಅಸರ್ ನಮಾಝಿನ ಬಳಿಕ ಪಶ್ಚಿಮದ ಬಾಗಿಲ ಬಳಿ ಇಳಿಜಾರು ದಾರಿಯ ಕೆಲಸ ಶುರು ಮಾಡುತ್ತೇವೆ. ಗಾರೆ ಕೆಲಸ ಬಲ್ಲವರು ಬನ್ನಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಜಾಗ ಸಾಲದು, ಹೂವಿನ ಕಟ್ಟೆ ತೆಗೆಯಬೇಕಾಗುತ್ತದೆ. ಕಮಿಟಿಯವರು ಒಪ್ಪಿದ್ದಾರೆ. ಅವರನ್ನೂ ಅಂದು ಕರೆದುಕೊಂಡು ಬರುತ್ತೇವೆ. ಇಳಿಜಾರು ಎಷ್ಟಿರಬೇಕು, ಕೈಹಿಡಿ ಎಲ್ಲಿರಬೇಕು ಎಂದು ಅವರೇ ಕುಳಿತು ಹೇಳುತ್ತಾರೆ.