ತಿರಸ್ಕಾರ, ಕೃತಜ್ಞತೆ ಮತ್ತು ನಮ್ಮ ಮಕ್ಕಳು

(ಪೊನ್ಕುಳಿಯಲ್ಲಿ ಹೆತ್ತವರ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಇಂಗ್ಲಿಷಿನ ಎರಡು ಪದಗಳನ್ನು ಹಿಡಿದು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಒಂದು ಕಂಟೆಂಪ್ಟ್, ಅಂದರೆ ತಿರಸ್ಕಾರ. ಇನ್ನೊಬ್ಬರನ್ನು ಕೀಳಾಗಿ ಕಾಣುವುದು. ಮತ್ತೊಂದು ಗ್ರ್ಯಾಟಿಟ್ಯೂಡ್, ಅಂದರೆ ಕೃತಜ್ಞತೆ. ಇನ್ನೊಬ್ಬರ ಉಪಕಾರವನ್ನು ನೆನೆಯುವುದು.

ಇವು ನಿಮಗೆ ತೀರ ಹೊಸವಲ್ಲ. ತೋಟದ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿಯೂ ಗ್ರ್ಯಾಟಿಟ್ಯೂಡೂ ಒಂದೇ ಲ್ಯಾಟಿನ್ ಬೇರಿನವು. ಆದರೆ ಗ್ರ್ಯಾಚುಯಿಟಿ ಧಣಿಗಳ ಉಪಕಾರವಲ್ಲ. ಕಾಯಿದೆಯಂತೆ ಅದು ಕೆಲಸಗಾರರ ಹಕ್ಕು. ಕಂಟೆಂಪ್ಟನ್ನು ಪತ್ರಿಕೆಗಳಲ್ಲಿ 'ನ್ಯಾಯಾಂಗ ನಿಂದನೆ' ಎಂದು ಓದಿದ್ದೀರಿ. ಆದರೆ ನಿಂದನೆಗೆ ಬಾಯಿ ಬೇಕು, ತಿರಸ್ಕಾರಕ್ಕೆ ಬೇಡ. ಮುಖ ತಿರುಗಿಸಿದರೂ ಸಾಕು.

ಗಡಿಯ ಮಗುವಿಗೆ ಇಲ್ಲೊಂದು ತೊಡಕಿದೆ. ಮಲಯಾಳದ ಆಡುಮಾತಿನಲ್ಲಿ ತಿರಸ್ಕಾರವೆಂದರೆ 'ಪುಚ್ಛಂ', ಕೃತಜ್ಞತೆಯೆಂದರೆ 'ನಂದಿ'. ಕನ್ನಡದ ಮಗುವಿಗೆ ಪುಚ್ಛ ಬಾಲ, ನಂದಿ ಶಿವನ ಗುಡಿಯ ಬಸವ! ಇಂಗ್ಲಿಷನ್ನು ಈ ಅರ್ಥಗಳ ಮೂಲಕ ಕಲಿಸಿದರೆ ಎಳೆಯ ಮಗು ಅಕ್ಷರಗಳನ್ನು ಬಾಯಿಪಾಠ ಮಾಡೀತು, ಭಾವ ಹಿಡಿಯಲಾರದು. ಕನ್ನಡದಲ್ಲಾದರೆ ನಾವು ಬಿಡಿಸಿ ಹೇಳಬಹುದು: ಪುರಸ್ಕಾರವೆಂದರೆ ಮುಂದಿಟ್ಟು ಗೌರವಿಸುವುದು, ತಿರಸ್ಕಾರವೆಂದರೆ ಆಚೆಗೆ ಸರಿಸುವುದು. ಮಾಡಿದ್ದನ್ನು ಅರಿತವನು ಕೃತಜ್ಞ, ಮಾಡಿದ್ದನ್ನು ಕೊಂದವನು ಕೃತಘ್ನ. ಅಂತರ ಒಂದೇ ಅಕ್ಷರ.

ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತದೆಂದು ನೆಂಟರಿಷ್ಟರ ಮುಂದೆ ಹೇಳುವಾಗ ದಯವಿಟ್ಟು ದನಿ ತಗ್ಗಿಸಬೇಡಿ. ಮಗು ಅದನ್ನು ಗಮನಿಸುತ್ತದೆ. ತಿರಸ್ಕಾರದ ಮೊದಲ ಪಾಠ ಅಲ್ಲಿಯೇ ಆಗಿಬಿಡುತ್ತದೆ.

ಇನ್ನು ಕಚೇರಿಯ ಮಾತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಗ್ರ್ಯಾಚುಯಿಟಿಯಂತೆ ಇದೂ ಯಾರ ದಾಕ್ಷಿಣ್ಯವಲ್ಲ. ಕನ್ನಡ ಅಧ್ಯಾಪಕರನ್ನೋ ಪಠ್ಯಪುಸ್ತಕವನ್ನೋ ಕೇಳುವಾಗ ಬೇಡಿಕೊಳ್ಳಬೇಡಿ. ಅರ್ಜಿ ಬರೆದು ಕೇಳಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಸೌಲಭ್ಯ ದೊರೆತ ಮೇಲೆ ದುಡಿದವರನ್ನು ನೆನೆಯೋಣ. ಕೃತಜ್ಞತೆಗೆ ಅದು ತಕ್ಕ ಸಮಯ.

ಮಲಯಾಳವನ್ನು ಕಡೆಗಣಿಸಿರೆಂದು ನಾನು ಹೇಳುತ್ತಿಲ್ಲ. ಅದು ನಮಗೆ ಅನ್ನ ಕೊಡುವ ನೆಲದ ಭಾಷೆ. ಈ ಊರಿನ ಹೆಸರನ್ನೇ ನೋಡಿ: ಮಲಯಾಳದ 'ಪೊನ್' ಹಳಗನ್ನಡದಲ್ಲೂ ಪೊನ್ನೇ, ಇಂದಿನ ನಮ್ಮ ಹೊನ್ನು.

ಕೊನೆಗೊಂದು ವಿನಂತಿ. ದಿನಕ್ಕೊಂದು ಇಂಗ್ಲಿಷ್ ಪದದ ಅರ್ಥವನ್ನು ಸಂಜೆ ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಅದರ ಕನ್ನಡದಿಂದಲೇ ನಿಮಗೆ ತಿಳಿಯುತ್ತದೆ.